ಗೋತ್ರ ಕೇಳಿದ್ರಿ, ಗುರುವಿನ ಗುರು ಯಾರು ಅಂತ ಹೇಳಲಿಲ್ಲ

ಪೋಸ್ಟ್ ಉದ್ದ ಇದೆ, ಪುರುಸೊತ್ತು ಆದಾಗ ಓದಿ. ಆದ್ರೆ ಅರ್ಧಕ್ಕೇ ನಿಲ್ಲಿಸಿ ಕಾಮೆಂಟ್ ಹಾಕಬೇಡಿ, ಪೂರ್ತಿ ಓದಿ ಬೈಯಿರಿ.

ಹೋದ ಭಾನುವಾರ ನನ್ನ ಮಗಳ ಗೆಜ್ಜೆಪೂಜೆ ಆಯ್ತು. ಹೌದು, ಭರತನಾಟ್ಯದ್ದೇ. ನಮ್ಮ ಬ್ಯಾಡರಹಳ್ಳಿಯಲ್ಲಿ ಮಾಗಡಿ ರೋಡಿಂದ ಎರಡು ಕ್ರಾಸ್ ಒಳಗೆ ಹೋದ್ರೆ ಒಂದು ಮನೆಯ ಮೇಲಿನ ಮಹಡಿಯಲ್ಲಿ ಡ್ಯಾನ್ಸ್ ಕ್ಲಾಸ್ ಇದೆ. ಎರಡು ವರ್ಷದಿಂದ ಹೋಗ್ತಿದಾಳೆ. ಶಾಲೆಯ ಗೆಳತಿಯರು ಹೋಗ್ತಾರೆ, ನಾನೂ ಹೋಗ್ತೀನಿ ಅಂತ ಹಟ ಹಿಡಿದಳು. ಕಳಿಸಿದೆ. ಮಿಸ್ ಒಳ್ಳೆಯವರು. ತಿಂಗಳ ಫೀಸ್ ಒಂದೆರಡು ಸಲ ತಡ ಆದಾಗಲೂ ಮಗು ಮುಂದೆ ಕೇಳಿದವರಲ್ಲ.

ಗೆಜ್ಜೆಪೂಜೆ ದಿನ ಪುರೋಹಿತರು ಮಕ್ಕಳನ್ನೆಲ್ಲ ಸಾಲಾಗಿ ಕೂರಿಸಿ, ಸಂಕಲ್ಪಕ್ಕೆ ಅಂತ ಒಬ್ಬೊಬ್ಬರದೇ ಹೆಸರು, ನಕ್ಷತ್ರ, ಗೋತ್ರ ಕೇಳ್ತಾ ಬಂದ್ರು. ನನ್ನ ಮಗಳ ಸರದಿ ಬಂತು. ಅವಳು ನನ್ನ ಮುಖ ನೋಡಿದಳು. 'ನಮಗೆ ಗೋತ್ರ ಇಲ್ಲ ಸ್ವಾಮಿ' ಅಂದೆ. ಅವರೇನೂ ಸಿಟ್ಟಾಗಲಿಲ್ಲ. 'ಪರವಾಗಿಲ್ಲಮ್ಮ, ಗೊತ್ತಿಲ್ಲದವರಿಗೆ ಕಾಶ್ಯಪ ಅಂತ ಹೇಳೋದು ಪದ್ಧತಿ' ಅಂತ ಮಂತ್ರ ಮುಂದುವರಿಸಿದ್ರು. ನಾನು 'ಗೊತ್ತಿಲ್ಲ' ಅಂದಿರಲಿಲ್ಲ, 'ಇಲ್ಲ' ಅಂದಿದ್ದೆ. ಅರ್ಧ ನಿಮಿಷದಲ್ಲಿ ನನ್ನ ಮಗಳು ಯಾವುದೋ ಋಷಿಯ ವಂಶದವಳಾಗಿಬಿಟ್ಟಳು. ಅವರಪ್ಪನ ಅಪ್ಪ ಮಾಗಡಿ ಕಡೆ ಗೌಡರ ಹೊಲದಲ್ಲಿ ಜೀತ ಇದ್ದವರು. ಆ ಅಜ್ಜನನ್ನ ಯಾರೂ ಕೇಳಲಿಲ್ಲ.

ಅಲ್ಲೇ ಎದ್ದು ಬರಬೇಕಿತ್ತು ಅಂತ ಕೆಲವರು ಹೇಳ್ತೀರಿ. ಮಗಳು ಗೆಜ್ಜೆ ಕಟ್ಟೋಕೆ ಕಾಲು ಚಾಚಿಕೊಂಡು ಕೂತಿದ್ದಳು. ಬರಲಿಲ್ಲ. ಅದಕ್ಕೆ ಈಗ ಬರೀತಿದ್ದೀನಿ.

ಕೂತಲ್ಲೇ ಕೈಯಲ್ಲಿದ್ದ ಆಹ್ವಾನ ಪತ್ರಿಕೆ ಬಿಡಿಸಿ ನೋಡಿದೆ. ಒಳಪುಟದಲ್ಲಿ 'ನಮ್ಮ ಗುರು ಪರಂಪರೆ' ಅಂತ ತಲೆಬರಹ. ಮೇಲೆ ಭರತಮುನಿ. ಅವರ ಕೆಳಗೆ ನಂದಿಕೇಶ್ವರ. ಆಮೇಲೆ ನಾಟ್ಯರಾಣಿ ಶಾಂತಲೆ. ಶಾಂತಲೆ ಆದ ತಕ್ಷಣ ನಮ್ಮ ಮಿಸ್ಸಿನ ಗುರುಗಳ ಹೆಸರು. ಕೊನೆಗೆ ನಮ್ಮ ಮಿಸ್.

ಶಾಂತಲೆ ಹೊಯ್ಸಳ ವಿಷ್ಣುವರ್ಧನನ ರಾಣಿ, 12ನೇ ಶತಮಾನ. ಮಿಸ್ಸಿನ ಗುರುಗಳು ಇವತ್ತಿಗೂ ಬದುಕಿದ್ದಾರೆ. ಮಧ್ಯೆ ಸುಮಾರು ಒಂಬೈನೂರು ವರ್ಷ. ಆ ಒಂಬೈನೂರು ವರ್ಷ ಈ ನಾಟ್ಯವನ್ನ ಕಾಲಲ್ಲಿ, ಕೈಯಲ್ಲಿ, ಕಣ್ಣಲ್ಲಿ ಇಟ್ಟುಕೊಂಡು ಕಾಪಾಡಿದವರು ಯಾರು? ಕಾರ್ಡಿನಲ್ಲಿ ಒಬ್ಬರೂ ಇಲ್ಲ.

ನಾನು ಗುಮಾಸ್ತೆ. ದಿನಾ ನನ್ನ ಟೇಬಲ್ಲಿಗೆ ವಂಶವೃಕ್ಷ ಲಗತ್ತಿಸಿದ ಅರ್ಜಿಗಳು ಬರ್ತವೆ. ಮುತ್ತಾತನ ಹೆಸರು ಬರೆದು, ಮಧ್ಯೆ ಮೂರು ತಲೆಮಾರು ಬಿಟ್ಟು, ಸೀದಾ ತನ್ನ ಹೆಸರು ಬರೆದುಕೊಂಡು ಬಂದ್ರೆ ಆ ಫೈಲ್ ಮುಂದಕ್ಕೆ ಹೋಗಲ್ಲ, ವಾಪಸ್. ಅದರಲ್ಲೂ ಹೆಣ್ಣುಮಕ್ಕಳ ಹೆಸರು ಬಿಟ್ಟು ಬರೆಸಿಕೊಂಡು ಬಂದಿದ್ರೆ ನಮಗೆ ಅಲ್ಲೇ ಅನುಮಾನ ಶುರುವಾಗುತ್ತೆ. ಯಾಕಂದ್ರೆ ಹೆಸರು ಮರೆತುಹೋಗಿ ಬಿಡೋದು ಕಮ್ಮಿ. ಭಾಗ ಕೊಡಬೇಕಾಗುತ್ತೆ ಅಂತ ಬಿಡೋದೇ ಜಾಸ್ತಿ.

ಈ ಕಾರ್ಡು ನೋಡಿದಾಗ ನನಗೆ ಬಂದಿದ್ದು ಅದೇ ಅನುಮಾನ.

ಯಾಕಂದ್ರೆ ನಮ್ಮ ಮಿಸ್ಸಿಗೆ ಆ ಹೆಸರುಗಳು ಗೊತ್ತು. ಬಾಯಲ್ಲಿ ಹೇಳ್ತಾರೆ ಕೂಡ. ಹೋದ ವರ್ಷ ಒಂದು ಸಂಜೆ ಮಗಳನ್ನ ಕರಕೊಂಡು ಬರೋಕೆ ಹೋದಾಗ ದೊಡ್ಡ ಮಕ್ಕಳಿಗೆ ಒಂದು ಜಾವಳಿ ಹೇಳಿಕೊಡ್ತಿದ್ದರು. ಎದ್ದು ಕುಣೀಲಿಲ್ಲ. ನೆಲದ ಮೇಲೆ ಕೂತುಕೊಂಡು, ಬರೀ ಕಣ್ಣು, ಹುಬ್ಬು, ಕೈಬೆರಳಲ್ಲಿ ಒಬ್ಬ ಹೆಂಗಸಿನ ಹುಸಿಮುನಿಸು ಪೂರ್ತಿ ತೋರಿಸಿಬಿಟ್ಟರು. ನಾನು ಬಾಗಿಲಲ್ಲೇ ನಿಂತುಬಿಟ್ಟೆ. 'ಇದು ನಮ್ಮ ಮೈಸೂರು ಶೈಲಿ ಅಕ್ಕ. ಕೂತು ಮಾಡೋ ಅಭಿನಯ. ವೆಂಕಟಲಕ್ಷಮ್ಮನವರದ್ದು' ಅಂದ್ರು. ಅವರ ಗುರುಗಳು ವೆಂಕಟಲಕ್ಷಮ್ಮನವರ ಶಿಷ್ಯರೊಬ್ಬರ ಹತ್ತಿರ ಕಲಿತವರಂತೆ.

ಆ ವೆಂಕಟಲಕ್ಷಮ್ಮ ಯಾರು ಅಂತ ನಮ್ಮ ಬಳಗದಲ್ಲಿ ಎಷ್ಟು ಜನಕ್ಕೆ ಗೊತ್ತು?

ಕೆ. ವೆಂಕಟಲಕ್ಷಮ್ಮ ಹುಟ್ಟಿದ್ದು 1906ರಲ್ಲಿ, ಕಡೂರು ತಾಲ್ಲೂಕಿನ ತಂಗಲಿ ತಾಂಡಾದಲ್ಲಿ. ಬಂಜಾರರ ಮನೆ ಮಗು. ಎಂಟನೇ ವಯಸ್ಸಿಗೆ ಮೈಸೂರಿನಲ್ಲಿ ಜಟ್ಟಿ ತಾಯಮ್ಮನವರ ಹತ್ತಿರ ನಾಟ್ಯಕ್ಕೆ ಸೇರಿದ್ರು. ಹನ್ನೆರಡಕ್ಕೆ ರಂಗಪ್ರವೇಶ. ನಾಟ್ಯದ ಜೊತೆಗೆ ಸಂಗೀತ, ಸಂಸ್ಕೃತ ಕೂಡ ವಿದ್ವಾಂಸರ ಹತ್ತಿರ ಕಲಿತರು. 1939ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಆಸ್ಥಾನದಲ್ಲಿ ಆಸ್ಥಾನ ವಿದುಷಿ ಆದ್ರು. ಅರಮನೆ ಕಾಲ ಮುಗಿದ ಮೇಲೂ ಆಕೆ ಮುಗಿದುಹೋಗಲಿಲ್ಲ. 1965ರಲ್ಲಿ ಮೈಸೂರು ವಿಶ್ವವಿದ್ಯಾಲಯದಲ್ಲಿ ನೃತ್ಯ ವಿಭಾಗ ಶುರುವಾದಾಗ ಅಲ್ಲಿ ರೀಡರ್ ಆಗಿ ಸೇರಿ ಒಂಬತ್ತು ವರ್ಷ ಪಾಠ ಮಾಡಿದ್ರು. ಕೇಂದ್ರ ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ 1964ರಲ್ಲಿ, ಪದ್ಮಭೂಷಣ 1992ರಲ್ಲಿ. ಅದೇ ಮೈಸೂರು ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತು. 2002ರಲ್ಲಿ, 96ನೇ ವಯಸ್ಸಲ್ಲಿ ತೀರಿಕೊಂಡರು.

ತಾಂಡಾದ ಹೆಣ್ಣುಮಗು ವಿಶ್ವವಿದ್ಯಾಲಯದ ರೀಡರ್ ಆಗಿದ್ದು 1965ರಲ್ಲಿ. ಆಗ ನಮ್ಮ ಕೇರಿ, ತಾಂಡಾಗಳ ಎಷ್ಟು ಹೆಣ್ಣುಮಕ್ಕಳು ಎಸ್ಸೆಸ್ಸೆಲ್ಸಿ ಮೆಟ್ಟಿಲು ಹತ್ತಿದ್ದರು, ಯೋಚನೆ ಮಾಡಿ.

ಅವರ ಗುರು ಜಟ್ಟಿ ತಾಯಮ್ಮ, 1857ರಿಂದ 1947. ಹೆಸರಲ್ಲಿ ಜಟ್ಟಿ ಯಾಕೆ? ತಂದೆ ಕುಸ್ತಿ ಮಾಡುವ ಜಟ್ಟಿ, ಅದಕ್ಕೆ. ಪೈಲ್ವಾನನ ಮಗಳು ಮೈಸೂರು ಅರಮನೆಯ ದೊಡ್ಡ ಅಭಿನಯ ಕಲಾವಿದೆ ಆದಳು. 'ನಾಟ್ಯ ಸರಸ್ವತಿ' ಅಂತ ಬಿರುದು. ಪದ, ಜಾವಳಿ, ಅಷ್ಟಪದಿ, ಅಮರುಕನ ಶ್ಲೋಕ, ಇವಕ್ಕೆ ಅಭಿನಯ ಹಿಡಿಯೋದರಲ್ಲಿ ಆಕೆ ಕೈ ದೊಡ್ಡದು. ಇವತ್ತು ಮೈಸೂರು ಶೈಲಿ ಅಂತ ನಾವು ಏನನ್ನ ಕರೀತೀವೋ ಅದು ಈ ಇಬ್ಬರು ಹೆಂಗಸರ ದೇಹದಿಂದ ನಮ್ಮವರೆಗೆ ಬಂದಿದ್ದು. ಬೆಂಗಳೂರಲ್ಲಿ 'ನೂಪುರ' ಶಾಲೆ ಕಟ್ಟಿದ ಲಲಿತಾ ಶ್ರೀನಿವಾಸನ್ ಅವರಂಥ ದೊಡ್ಡ ಕಲಾವಿದರು ವೆಂಕಟಲಕ್ಷಮ್ಮನವರ ಕೈಕೆಳಗೆ ಕಲಿತವರು. ಅಂಥವರು ಹೆಸರು ಮುಚ್ಚಿಟ್ಟಿಲ್ಲ, ಹೇಳಿಕೊಂಡಿದ್ದಾರೆ. ಅದು ನ್ಯಾಯವಾಗಿ ಹೇಳಬೇಕು. ಮುಚ್ಚೋ ಕೆಲಸ ಆಗ್ತಿರೋದು ಕೆಳಗೆ, ನಮ್ಮ ಬಡಾವಣೆಗಳ ನೂರಾರು ಕ್ಲಾಸುಗಳ ಕಾರ್ಡು, ಬ್ಯಾನರು, ಬೋರ್ಡುಗಳಲ್ಲಿ. ಮಕ್ಕಳು ಓದೋದು ಆ ಬೋರ್ಡನ್ನೇ, ದೊಡ್ಡ ಕಲಾವಿದರ ಸಂದರ್ಶನವನ್ನಲ್ಲ.

ಮೈಸೂರು ಬಿಟ್ಟು ಬೇರೆ ಶೈಲಿ ತಗೊಂಡ್ರೂ ಅಷ್ಟೇ. ಇವತ್ತು ಎಲ್ಲ ಕ್ಲಾಸಲ್ಲೂ ಕಲಿಸೋ ಕ್ರಮ ಇದೆಯಲ್ಲ, ಅಲರಿಪು, ಜತಿಸ್ವರ, ಶಬ್ದ, ವರ್ಣ, ಪದ, ತಿಲ್ಲಾನ, ಇದನ್ನ ಹೀಗೆ ಜೋಡಿಸಿದವರು ತಂಜಾವೂರು ಸಹೋದರರು: ಚಿನ್ನಯ್ಯ, ಪೊನ್ನಯ್ಯ, ಶಿವಾನಂದಂ, ವಡಿವೇಲು. 19ನೇ ಶತಮಾನದ ನಟ್ಟುವನಾರರು. ಅವರಲ್ಲಿ ಚಿನ್ನಯ್ಯ ನಮ್ಮ ಮೈಸೂರು ಅರಮನೆಗೇ ಬಂದು ಇದ್ದವರು. 1935ರಲ್ಲಿ ಅಡ್ಯಾರಿನ ಥಿಯಾಸಫಿಕಲ್ ಸೊಸೈಟಿಯಲ್ಲಿ ಕುಣಿದು, ಮರುವರ್ಷ ಕಲಾಕ್ಷೇತ್ರ ಕಟ್ಟಿದ ರುಕ್ಮಿಣಿ ದೇವಿ ಅರುಂಡೇಲ್ ಕಲಿತದ್ದು ಮೈಲಾಪುರ ಗೌರಿ ಅಮ್ಮಾಳ್ ಹತ್ತಿರ, ಪಂದನಲ್ಲೂರಿನ ಮೀನಾಕ್ಷಿಸುಂದರಂ ಪಿಳ್ಳೆ ಹತ್ತಿರ. ಗೌರಿ ಅಮ್ಮಾಳ್ ಮೈಲಾಪುರದ ದೇವಸ್ಥಾನದ ದೇವದಾಸಿ. ನಾಟ್ಯಶಾಸ್ತ್ರ ಓದಿಕೊಂಡು ಯಾರೂ ಮನೇಲಿ ಕೂತು ಭರತನಾಟ್ಯ ಕಂಡುಹಿಡಿಯಲಿಲ್ಲ. ಕಲಿಸಿದವರು ಇದ್ದರು. ಅವರಿಗೆ ಹೆಸರಿತ್ತು, ಮನೆಯಿತ್ತು, ಜಾತಿಯಿತ್ತು.

ಇಲ್ಲಿ ಒಂದು ಎಚ್ಚರಿಕೆ. ಇವರೆಲ್ಲ ದಲಿತರು ಅಂತ ನಾನು ಹೇಳ್ತಿಲ್ಲ. ನಟ್ಟುವನಾರರು ದಲಿತರಲ್ಲ. ಅರಮನೆ ಕಲಾವಿದೆಯರಲ್ಲೂ ಮೇಲು ಕೀಳು ಇತ್ತು. ವೆಂಕಟಲಕ್ಷಮ್ಮ ಬಂಜಾರರು. ಈಗ ಒಳಮೀಸಲಾತಿ ವಿಚಾರದಲ್ಲಿ ನಮ್ಮ ನಮ್ಮಲ್ಲೇ ಏನು ಜಗಳ ನಡೀತಿದೆ ಅಂತ ನಿಮಗೆ ಗೊತ್ತು, ನಾನೂ ಆ ಜಗಳದಲ್ಲಿ ಒಂದು ಕಡೆ ನಿಂತವಳೇ. ಆದ್ರೆ ಆ ಜಗಳಕ್ಕೂ ಇದಕ್ಕೂ ಸಂಬಂಧ ಇಲ್ಲ. ನಾನು ಹೇಳ್ತಿರೋದು ಇಷ್ಟೇ: ಈ ನಾಟ್ಯದ ವಂಶವೃಕ್ಷವನ್ನ ಸರಿಯಾಗಿ ಬರೆದ್ರೆ ಅದರಲ್ಲಿ ಋಷಿಗಳಿಗಿಂತ ಹೆಚ್ಚಾಗಿ ಸಿಗೋದು 'ಮರ್ಯಾದಸ್ಥರ' ಮನೆ ಹೊಸ್ತಿಲ ಆಚೆ ನಿಲ್ಲಿಸಿದ ಹೆಂಗಸರು.

ಈಗ ನಮ್ಮವ್ವನ ವಿಷಯಕ್ಕೆ ಬರ್ತೀನಿ. ಯಾಕಂದ್ರೆ ನನಗೆ ನಿಜವಾಗಿ ಕಷ್ಟ ಕೊಟ್ಟಿದ್ದು ಪುರೋಹಿತರ ಪ್ರಶ್ನೆ ಅಲ್ಲ, ಅವ್ವನ ಪ್ರಶ್ನೆ.

ಗೆಜ್ಜೆಪೂಜೆಗೆ ಬಾ ಅಂತ ಫೋನ್ ಮಾಡಿದಾಗ ಅವ್ವ ಒಂದು ನಿಮಿಷ ಮಾತೇ ಆಡಲಿಲ್ಲ. ಆಮೇಲೆ, 'ಏನಂದೆ? ಗೆಜ್ಜೆಪೂಜೆನಾ? ಗೆಜ್ಜೆ ಬಿಚ್ಚಿಸೋಕೆ ಎಷ್ಟು ತಲೆಮಾರು ಬೇಕಾಯ್ತು ಗೊತ್ತಾ ನಿಂಗೆ? ನೀನೇ ಮೈಕ್ ಹಿಡಿದು ಭಾಷಣ ಮಾಡ್ತೀಯ, ಈಗ ನೀನೇ ಕಟ್ಟಿಸ್ತೀಯಾ?' ಅಂದಳು. ಅವ್ವ ಬರಲೇ ಇಲ್ಲ.

ಅವ್ವನಿಗೆ ಆ ಪದದ ಅರ್ಥ ಗೊತ್ತು. 1969ರ ಪುಟ್ಟಣ್ಣ ಕಣಗಾಲ್ ಸಿನಿಮಾ 'ಗೆಜ್ಜೆಪೂಜೆ', ಎಂ.ಕೆ. ಇಂದಿರಾ ಅವರ ಕಾದಂಬರಿ ಮೇಲೆ ಮಾಡಿದ್ದು, ನಮ್ಮವ್ವ ಟೆಂಟಿನಲ್ಲಿ ನೋಡಿ ಅತ್ತವಳು. ಮದುವೆಯಾಗಿ ಎಲ್ಲರ ಹಾಗೆ ಬಾಳಬೇಕು ಅಂತ ಆಸೆ ಪಟ್ಟ ಹುಡುಗಿಗೆ ಆ ಬಾಳು ಸಿಗಲ್ಲ. ಗೆಜ್ಜೆಪೂಜೆ ಅಂದ್ರೆ ಹೆಣ್ಣುಮಗುವನ್ನ ಆ ವೃತ್ತಿಗೆ ಬಿಡುವ ಶಾಸ್ತ್ರ ಆಗಿತ್ತು. ಈಗ ಅದೇ ಪದವನ್ನ ಚಿನ್ನದ ಬಣ್ಣದಲ್ಲಿ ಆಹ್ವಾನ ಪತ್ರಿಕೆ ಮೇಲೆ ಅಚ್ಚು ಹಾಕಿಸ್ತಾರೆ. ಪದ ಬೇಕು, ಗೆಜ್ಜೆ ಬೇಕು, ಜಾವಳಿ ಬೇಕು, ಕಣ್ಣಿನ ಆ ಚಲನೆ ಬೇಕು. ಅದನ್ನ ಉಳಿಸಿಕೊಟ್ಟ ಹೆಂಗಸಿನ ಹೆಸರು ಮಾತ್ರ ಬೇಡ. ಆಕೆಯ ಜಾಗದಲ್ಲಿ ಭರತಮುನಿ. ನನ್ನ ಮಗಳ ಅಜ್ಜನ ಜಾಗದಲ್ಲಿ ಕಾಶ್ಯಪ. ಎರಡೂ ಒಂದೇ ಕೆಲಸ.

ಅವ್ವನ ಸಿಟ್ಟು ಸುಳ್ಳಲ್ಲ. ದೇವದಾಸಿ ಪದ್ಧತಿ ಹೋಗಬೇಕಿತ್ತು, ಹೋಗಬೇಕು, ಅದರಲ್ಲಿ ಎರಡು ಮಾತಿಲ್ಲ. ಮೈಸೂರು ಸರ್ಕಾರ 1909ರಲ್ಲೇ ಮುಜರಾಯಿ ದೇವಸ್ಥಾನಗಳಲ್ಲಿ ದೇವದಾಸಿ ಸೇವೆ ನಿಲ್ಲಿಸಿತು. ಮದರಾಸಿನ ಕಾಯ್ದೆ 1947ರಲ್ಲಿ ಬಂತು, ಅದಕ್ಕಾಗಿ ಹೋರಾಡಿದ ಡಾಕ್ಟರ್ ಮುತ್ತುಲಕ್ಷ್ಮಿ ರೆಡ್ಡಿ ಅವರ ತಾಯಿಯೇ ದೇವದಾಸಿ ಮನೆತನದವರು. ನಮ್ಮ ಕರ್ನಾಟಕದ ಕಾಯ್ದೆ 1982ರದ್ದು. ಆಮೇಲೂ 2007-08ರ ಸರ್ಕಾರಿ ಸಮೀಕ್ಷೆಯಲ್ಲಿ ಉತ್ತರದ ಜಿಲ್ಲೆಗಳಲ್ಲಿ 46 ಸಾವಿರಕ್ಕೂ ಹೆಚ್ಚು ದೇವದಾಸಿಯರು ಲೆಕ್ಕಕ್ಕೆ ಸಿಕ್ಕರು. ಅವರಲ್ಲಿ ಬಹುಪಾಲು ನಮ್ಮ ಕೇರಿಯ ಹೆಣ್ಣುಮಕ್ಕಳು. ಅವರಿಗೆ ಅರಮನೆಯೂ ಇರಲಿಲ್ಲ, ಜಾವಳಿಯೂ ಇರಲಿಲ್ಲ, ಪದ್ಮಭೂಷಣವಂತೂ ದೂರದ ಮಾತು. ಮುತ್ತು ಕಟ್ಟಿಸಿಕೊಂಡು ಭಿಕ್ಷೆ, ಕೂಲಿ, ಕಾಯಿಲೆ. ಹಾಗಾಗಿ 'ದೇವದಾಸಿಯರು ಮಹಾನ್ ಕಲಾವಿದೆಯರು' ಅಂತ ಈಗ ಕೆಲವರು ಹೊಸದಾಗಿ ಹಾಡಿ ಹೊಗಳೋದನ್ನ ಕೇಳಿದ್ರೆ ನನಗೂ ಮೈ ಉರಿಯುತ್ತೆ.

ಆದ್ರೆ ಅವ್ವ, ಒಂದು ಮಾತು. ಪದ್ಧತಿ ನಿಲ್ಲಿಸಿದಾಗ ಎರಡು ಕೆಲಸ ಆಯ್ತು. ಗೆಜ್ಜೆಯನ್ನ ಆ ಹೆಂಗಸರ ಕಾಲಿಂದ ಬಿಚ್ಚಿದ್ರು, ಅದು ಸರಿ. ಬಿಚ್ಚಿದ ಗೆಜ್ಜೆಯನ್ನ ಬೇರೆಯವರ ಮಕ್ಕಳ ಕಾಲಿಗೆ ಕಟ್ಟಿ 'ಇದು ವೇದಕಾಲದ್ದು, ನಮ್ಮದು' ಅಂದ್ರು. ಇದು ಸರಿಯಲ್ಲ. ಆ ಹೆಂಗಸರಿಗೆ ಕೊನೆಗೆ ಉಳಿದಿದ್ದು ಕಳಂಕ ಮಾತ್ರ. ಕಲೆ ಬೇರೆಯವರ ಆಸ್ತಿ ಆಯ್ತು. ನಾವೂ 'ನಮಗೆ ಆ ಕುಣಿತ ಬೇಡ' ಅಂತ ದೂರ ನಿಂತುಬಿಟ್ಟರೆ ಆ ಖಾತೆ ಬದಲಾವಣೆಗೆ ನಾವೇ ಸಹಿ ಹಾಕಿದ ಹಾಗೆ.

ಹೆಸರು ಅಳಿಸೋದು ಹೊಸದಲ್ಲ, ಅಳಿಸಿದ್ದನ್ನ ತಿರುಗಿ ಬರೆಸಿದವರೂ ನಮ್ಮ ನೆಲದಲ್ಲೇ ಇದ್ದಾರೆ. 1878ರಲ್ಲಿ ನಂಜನಗೂಡಿನಲ್ಲಿ ಹುಟ್ಟಿದ ಬೆಂಗಳೂರು ನಾಗರತ್ನಮ್ಮ. ತಾಯಿ ಪುಟ್ಟಲಕ್ಷ್ಮಿ, ದೇವದಾಸಿ. ತಂಜಾವೂರು ಆಸ್ಥಾನದ ಮುದ್ದುಪಳನಿ ಅನ್ನೋ ಕಲಾವಿದೆ 18ನೇ ಶತಮಾನದಲ್ಲಿ ತೆಲುಗಿನಲ್ಲಿ 'ರಾಧಿಕಾ ಸಾಂತ್ವನಮು' ಬರೆದಿದ್ದಳು. ಹಳೆಯ ಅಚ್ಚಿನಲ್ಲಿ ಆಕೆ ತನ್ನ ವಂಶ ಹೇಳಿಕೊಂಡಿದ್ದ ಭಾಗವನ್ನೇ ಕೈಬಿಟ್ಟಿದ್ದರು. ನಾಗರತ್ನಮ್ಮ 1910ರಲ್ಲಿ ಪೂರ್ತಿ ಕಾವ್ಯ ತಿರುಗಿ ಅಚ್ಚು ಮಾಡಿಸಿದ್ರು. ಅಶ್ಲೀಲ ಅಂತ ಸರ್ಕಾರ ನಿಷೇಧ ಹಾಕಿತು. ಆಕೆ ಹೆದರಲಿಲ್ಲ. ಮುಂದೆ ತಿರುವಯ್ಯಾರಿನಲ್ಲಿ ತ್ಯಾಗರಾಜರ ಸಮಾಧಿಗೆ ತನ್ನ ದುಡಿಮೆ ಹಣದಲ್ಲಿ ಗುಡಿ ಕಟ್ಟಿಸಿದ್ದೂ ಆಕೆಯೇ. ಅಲ್ಲಿನ ಆರಾಧನೆಯಲ್ಲಿ ಹೆಂಗಸರು ಹಾಡುವ ಹಾಗಿರಲಿಲ್ಲ, ಅದಕ್ಕೂ ಹೋರಾಡಿದರು. ನೂರು ವರ್ಷದ ಹಿಂದೆ ಒಬ್ಬ ಹೆಂಗಸಿಗೆ ಗೊತ್ತಿತ್ತು, ಪೀಠಿಕೆಯಲ್ಲಿ ಹೆಸರು ಉಳಿಯದಿದ್ರೆ ಪುಸ್ತಕವೂ ಪರರ ಪಾಲಾಗುತ್ತೆ ಅಂತ.

ಇನ್ನು ನಮ್ಮ ಸಂಘಟನೆ ಗೆಳೆಯರ ಪ್ರಶ್ನೆ. 'ಅಕ್ಕ, ತಮಟೆ ಕಲಿಸಿ. ಬ್ರಾಹ್ಮಣರ ಕುಣಿತ ನಮಗ್ಯಾಕೆ?' ತಮಟೆ ಕಲೀಲಿ, ನಾನೇ ಕಲಿಸ್ತೀನಿ, ನಮ್ಮ ಮನೇಲಿ ತಮಟೆ ಇದೆ. ಆದ್ರೆ 'ಇದು ನಿಮ್ಮದು, ಅದು ಅವರದ್ದು' ಅಂತ ಭಾಗ ಮಾಡಿಕೊಟ್ಟವರು ಯಾರು? ಮೆರವಣಿಗೆಯಲ್ಲಿ ಕನ್ನಡಿ ಬಟ್ಟೆ ಹಾಕಿಸಿ ಲಂಬಾಣಿ ಹೆಣ್ಣುಮಕ್ಕಳನ್ನ ಬಿಸಿಲಲ್ಲಿ ಕುಣಿಸ್ತಾರೆ, ಅದು 'ಜಾನಪದ'. ಅದೇ ತಾಂಡಾದ ಹೆಣ್ಣುಮಗಳು ಮೈಸೂರು ಶೈಲಿಯ ಭರತನಾಟ್ಯಕ್ಕೆ ಗುರುವಿನ ಗುರು ಅಂದ್ರೆ ಜನ ನಂಬಲ್ಲ. ಆ ಅಪನಂಬಿಕೆಯನ್ನ ನಾವೂ ಬೆಳೆಸೋದು ಬೇಡ.

ಏಕಲವ್ಯನ ಕಥೆ ನಾವು ಎಲ್ಲ ವೇದಿಕೆಯಲ್ಲೂ ಹೇಳ್ತೀವಿ. ನಮ್ಮೂರ ಹೆಸರಲ್ಲೇ ಬ್ಯಾಡರು ಇದ್ದಾರೆ, ಆ ಬೇಡರ ಹುಡುಗನ ಕಥೆ ನಮಗೆ ಬಾಯಿಪಾಠ. ಶಿಷ್ಯನ ಬೆರಳು ಕಿತ್ತುಕೊಂಡ ಗುರುವಿನ ಕಥೆ ಅದು. ಇಲ್ಲಿ ನಡೆದಿರೋದು ಉಲ್ಟಾ. ಇಲ್ಲಿ ಗುರುಗಳು ಧಾರೆ ಎರೆದು ಕೊಟ್ಟರು, ಶಿಷ್ಯರ ಶಿಷ್ಯರು ಗುರುವಿನ ಹೆಸರನ್ನೇ ಕತ್ತರಿಸಿದ್ರು. ಇದನ್ನೂ ವೇದಿಕೆಯಲ್ಲಿ ಹೇಳೋಣ.

ನಾನು ಕೇಳೋದು ದೊಡ್ಡದೇನಲ್ಲ.

ಒಂದು, ನಾಟ್ಯ ಶಾಲೆಗಳು ಕಾರ್ಡಿನಲ್ಲಿ, ಬೋರ್ಡಿನಲ್ಲಿ ತಮ್ಮ ನಿಜವಾದ ಪರಂಪರೆ ಬರೀಲಿ. ಮೈಸೂರು ಶೈಲಿ ಅಂದ್ರೆ ಜಟ್ಟಿ ತಾಯಮ್ಮ, ವೆಂಕಟಲಕ್ಷಮ್ಮ. ಬೇರೆ ಶೈಲಿ ಅಂದ್ರೆ ಆಯಾ ನಟ್ಟುವನಾರರ, ಆಯಾ ಅಮ್ಮಂದಿರ ಹೆಸರು. ಭರತಮುನಿ ಬೇಕಿದ್ರೆ ಇರಲಿ, ಮಧ್ಯದವರನ್ನ ಬಿಡಬೇಡಿ.

ಎರಡು, ಗೆಜ್ಜೆ ಕಟ್ಟೋ ದಿನ ಮಕ್ಕಳ ಗೋತ್ರ ಕೇಳೋದು ನಿಲ್ಲಲಿ. ಕೇಳಲೇಬೇಕು ಅಂದ್ರೆ 'ನಿನ್ನ ಗುರುವಿನ ಗುರು ಯಾರಮ್ಮ?' ಅಂತ ಕೇಳಿ. ನಾಟ್ಯ ಕಲಿಯೋ ಮಗುವಿಗೆ ಅದಕ್ಕಿಂತ ದೊಡ್ಡ ಗೋತ್ರ ಯಾವುದಿದೆ?

ಮೂರು, ನಮ್ಮ ಕೆಲಸ. ಮೊರಾರ್ಜಿ ದೇಸಾಯಿ ವಸತಿ ಶಾಲೆ, ಸಮಾಜ ಕಲ್ಯಾಣ ಇಲಾಖೆ ಹಾಸ್ಟೆಲುಗಳಲ್ಲಿ ನಾಟ್ಯ, ಸಂಗೀತದ ಶಿಕ್ಷಕರು ಬೇಕು ಅಂತ ಮನವಿ ಕೊಡೋಣ. ರಂಗಪ್ರವೇಶ ಅಂದ್ರೆ ಈಗ ಹಾಲ್ ಬಾಡಿಗೆ, ಪಕ್ಕವಾದ್ಯ, ಸೀರೆ, ಊಟ ಅಂತ ಲಕ್ಷಗಟ್ಟಲೆ. ನಮ್ಮಂಥವರ ಮಕ್ಕಳು ಜೂನಿಯರ್ ಪರೀಕ್ಷೆ ಮುಗಿಸೋಷ್ಟರಲ್ಲಿ ನಿಲ್ಲಿಸಿಬಿಡ್ತಾರೆ. ಕಲಿತವರೇ ಕಮ್ಮಿ ಆದ್ರೆ ಕಲಿಸೋರು ಎಲ್ಲಿಂದ ಬರ್ತಾರೆ? ಕಲಿಸೋರು ನಮ್ಮವರಿಲ್ಲದಿದ್ರೆ ಕಾರ್ಡು ಬರೆಯೋರೂ ನಮ್ಮವರಿರಲ್ಲ. ವೆಂಕಟಲಕ್ಷಮ್ಮನವರು ಹುಟ್ಟಿದ ದಿನ ಮೇ 29. ಬರೋ ವರ್ಷ ಒಂದು ಸಣ್ಣ ಕಾರ್ಯಕ್ರಮ ಮಾಡೋಣ, ತಮಟೆಯೂ ಇರಲಿ, ಜಾವಳಿಯೂ ಇರಲಿ.

ಮಿಸ್ ಹತ್ತಿರ ಇದನ್ನೆಲ್ಲ ಮಾತಾಡಿದೆ. ಜಗಳ ಆಡಲಿಲ್ಲ. ಸುಮ್ಮನೆ ಕಾರ್ಡ್ ತೋರಿಸಿ 'ಮಿಸ್, ಶಾಂತಲೆ ಆದ್ಮೇಲೆ ಯಾರು?' ಅಂದೆ. ಅವರು ಸ್ವಲ್ಪ ಹೊತ್ತು ನೋಡ್ತಾ ಇದ್ದು, 'ನಮ್ಮ ಗುರುಗಳ ಕಾರ್ಡಲ್ಲಿ ಹೀಗೇ ಇತ್ತು ಅಕ್ಕ, ನಾನು ಹಂಗೇ ಹಾಕಿಸಿದೆ' ಅಂದ್ರು. ಸುಳ್ಳು ಹೇಳಲಿಲ್ಲ ಅನ್ನಿಸ್ತು. ಹದಿನೈದು ವರ್ಷ ಕಲಿತು, ಜೂನಿಯರ್, ಸೀನಿಯರ್, ವಿದ್ವತ್ ಎಲ್ಲ ಪಾಸು ಮಾಡಿ, ಬಾಡಿಗೆ ಮನೆಯಲ್ಲಿ ಕ್ಲಾಸ್ ನಡೆಸೋ ಹೆಣ್ಣುಮಗಳು ಅವರು. ಅವರಿಗೂ ಆ ಒಂಬೈನೂರು ವರ್ಷವನ್ನ ಯಾರೂ ಬಿಡಿಸಿ ಹೇಳಿಲ್ಲ. ಆಮೇಲೆ ಅವರೇ, 'ವಾರ್ಷಿಕೋತ್ಸವದ ಕಾರ್ಡ್ ಮಾಡಿಸಬೇಕು. ಆ ಹೆಸರುಗಳನ್ನ ಸರಿಯಾಗಿ ಬರೆದು ಕೊಡ್ತೀರಾ ಅಕ್ಕ?' ಅಂದ್ರು.

ಸೋಮವಾರ ಊಟದ ಹೊತ್ತಲ್ಲಿ ಆಫೀಸಲ್ಲೇ ಕೂತು ಟೈಪ್ ಮಾಡಿದೆ. ವಂಶವೃಕ್ಷದ ಫಾರಂ ಹಾಗೇ, ಮೇಲಿಂದ ಕೆಳಕ್ಕೆ. ಜಟ್ಟಿ ತಾಯಮ್ಮ, ಮೈಸೂರು. ಅವರ ಕೆಳಗೆ ಕೆ. ವೆಂಕಟಲಕ್ಷಮ್ಮ, ತಂಗಲಿ ತಾಂಡಾ, ಕಡೂರು ತಾಲ್ಲೂಕು. ಊರ ಹೆಸರು ಬೇಕಂತಲೇ ಹಾಕಿದೆ. ಅವರ ಕೆಳಗೆ ಅವರ ಶಿಷ್ಯರು, ಆಮೇಲೆ ಮಿಸ್ಸಿನ ಗುರುಗಳು, ಆಮೇಲೆ ಮಿಸ್. ಅದರ ಕೆಳಗೆ ನನ್ನ ಮಗಳ ಹೆಸರನ್ನ ಪೆನ್ಸಿಲಿನಲ್ಲಿ ಬರೆದೆ. ಕಾರ್ಡಿಗಲ್ಲ, ಮನೇಲಿ ಇಟ್ಟುಕೊಳ್ಳೋ ಪ್ರತಿಗೆ. ಅವ್ವನಿಗೆ ತೋರಿಸಬೇಕು.

ಕಾರ್ಡು ಇನ್ನೂ ಪ್ರೆಸ್ಸಿಗೆ ಹೋಗಿಲ್ಲ. ಬಂದ ಮೇಲೆ ಇಲ್ಲೇ ಹಾಕ್ತೀನಿ, ಹೆಸರು ಇದ್ರೂ ಹಾಕ್ತೀನಿ, ಇಲ್ಲದಿದ್ರೂ ಹಾಕ್ತೀನಿ.

ಜೈ ಭೀಮ್.